ಮಾಳವ್ವ ಕಟ್ಟಿದ ಬುತ್ತಿ

ಒಂದಾನೊಂದು ಕಾಲದಲ್ಲಿ, ಅಂದ್ರೆ ನಿಮ್ಮಜ್ಜಿಗೂ ಒಬ್ಬಳು ಅಜ್ಜಿ ಇದ್ಲಲ್ಲ, ಅವಳಿನ್ನೂ ತೊಟ್ಟಿಲಲ್ಲಿ ಬೆರಳು ಚೀಪ್ತಿದ್ದ ಕಾಲದಲ್ಲಿ, ಬಯಲುಸೀಮೆಯ ಒಂದು ಊರಲ್ಲಿ ದುರುಗವ್ವ ಅಂತ ಒಬ್ಬಳು ಇದ್ಲಂತೆ. ಅವಳಿಗೆ ಮೂರು ಜನ ಗಂಡುಮಕ್ಕಳು. ದೊಡ್ಡವನು ಗುಡದಪ್ಪ, ಗುಡ್ಡದಲ್ಲಿ ಕಲ್ಲು ಒಡೆಯೋನು. ನಡುವಿನವನು ಮೈಲಾರಿ, ಸಂತೆಯಿಂದ ಸಂತೆಗೆ ಎತ್ತಿನ ಗಾಡಿ ಹೊಡೆಯೋನು. ಸಣ್ಣವನು ಸಿದ್ಲಿಂಗ, ಇಳಿವಯಸ್ಸಲ್ಲಿ ಹುಟ್ಟಿದ ಕೂಸು, ನಿನ್ನಷ್ಟೇ ಇದ್ದ, ಪಕ್ಕದೂರಿನ ಮಠಕ್ಕೆ ಅಕ್ಷರ ಕಲಿಯೋಕೆ ಹೋಗ್ತಿದ್ದ. ಮಠ ಅಂದ್ರೆ ಆಗಿನ ಸ್ಕೂಲು ಕಣೇ. ಮರಳು ಹರಡಿ, ಅದರ ಮೇಲೆ ಬೆರಳಲ್ಲಿ ಬರೆಸಿ ಅಯ್ಯನೋರು ಕಲಿಸ್ತಿದ್ರು. ತಪ್ಪಾದ್ರೆ ಅಳಿಸೋದು ಸುಲಭ, ಅದಕ್ಕೇ ಮರಳು.

ಈ ಮೂವರೂ ಬೆಳಿಗ್ಗೆ ಹೋದ್ರೆ ಬರೋದು ದೀಪ ಹಚ್ಚೋ ಹೊತ್ತಿಗೆ. ಹಂಗಾಗಿ ಮೂವರಿಗೂ ಬುತ್ತಿ ಕಟ್ಟಬೇಕು. ಬುತ್ತಿ ಅಂದ್ರೆ ನಿಮ್ಮಪ್ಪ ಕೆಲಸಕ್ಕೆ ಡಬ್ಬಿ ಒಯ್ಯಲ್ವಾ, ಅದೇ. ಆಗ ಡಬ್ಬಿ ಇರಲಿಲ್ಲ, ಎಲೆಯಲ್ಲಿಟ್ಟು ಬಟ್ಟೆಯಲ್ಲಿ ಗಂಟು ಕಟ್ಟೋದು. ಆ ಮನೆಯಲ್ಲಿ ಯಾವಾಗಲೂ ಒಂದೇ ಬುತ್ತಿಯಂತೆ. ಜೋಳದ ನುಚ್ಚು ಬೇಯಿಸಿ, ಆರಿಸಿ, ಹಾಲು ಬಿಟ್ಟು, ಒಂದು ಹನಿ ಮೊಸರು ಸೇರಿಸಿ ಕಟ್ಟಿಬಿಡೋದು. ಕಟ್ಟುವಾಗ ಹಾಲು, ಬಿಚ್ಚುವಾಗ ಮೊಸರು. ದಾರಿಯಲ್ಲೇ ಹೆಪ್ಪಾಗ್ತಿತ್ತು. ಬಿಸಿಲಲ್ಲಿ ತಂಪು ಅಂತ ಎಲ್ಲರೂ ಅದನ್ನೇ ಉಣ್ತಿದ್ರಂತೆ.

ಆ ಹಾಲು ಎಲ್ಲಿಂದ ಬರ್ತಿತ್ತು ಅಂದ್ರೆ, ಕೌಲಿ ಅನ್ನೋ ಹಸುವಿಂದ. ಗುಡದಪ್ಪನ ಹೆಂಡ್ತಿ ಮಾಳವ್ವ ಮದುವೆಯಾಗಿ ಬಂದಾಗ ತವರಿನೋರು ಬಳುವಳಿಯಾಗಿ ಕೊಟ್ಟ ಹಸು ಅದು. ಅದಕ್ಕೆ ನಾಲ್ಕು ಮೊಲೆಯಲ್ಲಿ ಎರಡು ಕುರುಡು, ಅಂದ್ರೆ ಹಾಲು ಬರ್ತಿರಲಿಲ್ಲ. ಉಳಿದೆರಡರಲ್ಲಿ ಬರೋದು ಮನೆಗೆ ಸಾಕಾಗ್ತಿತ್ತು, ಇಲ್ಲ ಕರುವಿಗೆ ಸಾಕಾಗ್ತಿತ್ತು, ಇಬ್ಬರಿಗೂ ಆಗ್ತಿರಲಿಲ್ಲ. ಮೊದಲನೇ ಕರು ಬಡವಾಗಿ ಹೋಯ್ತು. ಎರಡನೇದೂ ಹೋಯ್ತು. ಆಮೇಲೆ ಆ ಎರಡನೇ ಕರುವಿನ ತೊಗಲಿಗೆ ಹುಲ್ಲು ತುಂಬಿ ಕೌಲಿ ಮುಂದೆ ನಿಲ್ಲಿಸಿದ್ರಂತೆ. ಯಾಕೆ ಅಂದ್ರೆ, ಕರು ಇದೆ ಅಂದ್ಕೊಂಡು ಹಸು ಹಾಲು ಇಳಿಸುತ್ತೆ, ಅದಕ್ಕೆ. ಕೌಲಿ ಆ ಹುಲ್ಲಿನ ಕರುವನ್ನ ನೆಕ್ಕೀ ನೆಕ್ಕೀ ನಿಲ್ತಿತ್ತು. ಅದನ್ನ ನೋಡಿದ ಮಾಳವ್ವನಿಗೆ ಅವತ್ತಿಂದ ಹಾಲು ಗಂಟಲಲ್ಲಿ ಇಳೀಲಿಲ್ಲವಂತೆ.

ಹೂಂ ಅಂತಿರು ಮಗಳೇ, ಇಲ್ಲದಿದ್ರೆ ನಿದ್ದೆ ಬಂತೇನೋ ಅಂತ ನಿಲ್ಲಿಸಿಬಿಡ್ತೀನಿ.

ಆಮೇಲೆ ಕೌಲಿ ಮೂರನೇ ಸಲ ಈಯಿತು. ಕರುವಿಗೆ ಕೆಂಪು ಮೈ, ಹಣೆ ಮೇಲೆ ಬಿಳಿ ಚುಕ್ಕಿ. ಕಾಲು ನಡುಗಿಸ್ಕೊಂಡು ನಿಂತಿತು. ಮಾಳವ್ವ ಸೆರಗಲ್ಲಿ ಅದರ ಮೈ ಒರೆಸಿ, ಅತ್ತೆ ಹತ್ರ ಹೋಗಿ ನಿಂತ್ಲಂತೆ. ಅತ್ತೆ, ಈ ಕರು ಹುಲ್ಲು ಕಡಿಯೋವರೆಗೂ ಹಾಲೆಲ್ಲ ಅದಕ್ಕೇ ಬಿಡೋಣ ಅಂದ್ಲಂತೆ. ದುರುಗವ್ವ ಮೊರದಲ್ಲಿ ಜೋಳ ಕೇರ್ತಿದ್ಲು, ತಲೆ ಎತ್ತಲಿಲ್ಲ. ಗಂಡಸರು ಬುತ್ತಿಗೆ ಏನು ಒಯ್ಯಬೇಕವ್ವ, ಕಲ್ಲು ಕಟ್ಟಿಕೊಡ್ತೀಯಾ, ಗುಡದಪ್ಪನ ಹತ್ರ ಬೇಕಾದಷ್ಟಿದೆ ಅಂದ್ಲಂತೆ. ನಾನು ಕಟ್ಟಿಕೊಡ್ತೀನತ್ತೆ, ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಏನೂ ಇಲ್ಲದೆ ಕಟ್ಟಿಕೊಡ್ತೀನಿ ಅಂದ್ಲು ಮಾಳವ್ವ. ಪಕ್ಕದ ಮನೆಯಿಂದ ಮಜ್ಜಿಗೆ ಇಸ್ಕೊಳ್ಳೋದೂ ಬೇಡ, ಅದೂ ಇನ್ನೊಂದು ಕರುವಿನದೇ ಅಲ್ವಾ ಅಂದ್ಲು.

ಆ ಮನೆಯಲ್ಲಿ ಒಂದು ರೂಢಿ ಇತ್ತು. ಸಂಜೆ ಮಕ್ಕಳು ಬಂದ ತಕ್ಷಣ ದುರುಗವ್ವ ಹೊಸ್ತಿಲಲ್ಲಿ ನಿಂತು ಮೂರೂ ಬುತ್ತಿ ಬಟ್ಟೆ ಇಸ್ಕೊಂಡು ಕೊಡವ್ತಿದ್ಲು. ಬಟ್ಟೆ ಬರಿದಾಗಿದ್ರೆ ಮಕ್ಕಳು ಉಂಡಿದ್ದಾರೆ ಅಂತ ಅವಳಿಗೆ ಸಮಾಧಾನ. ಉಣ್ಣದ ಬುತ್ತಿ ಮನೆಗೆ ತಿರುಗಿ ಬಂದ್ರೆ ಅದು ಮನೆಗೆ ಒಳ್ಳೇದಲ್ಲ ಅಂತ ಅವಳ ನಂಬಿಕೆ. ಅದಕ್ಕೆ ಅವಳು ಅಂದ್ಲು, ಆಯ್ತು, ಆದ್ರೆ ಯಾವತ್ತು ಒಂದು ಬುತ್ತಿ ತಿರುಗಿ ಬರುತ್ತೋ, ಮಾರನೇ ಬೆಳಿಗ್ಗೆ ಕೌಲಿ ಕೆಳಗೆ ನನ್ನ ಚೆಂಬು ಅಂತ. ಕರು ಬದುಕೋದೂ ಬಿಡೋದೂ ಈಗ ಮಾಳವ್ವನ ಕೈಯಲ್ಲಿ ನಿಂತಿತು.

ಮೊದಲು ಗಂಡನ ಬುತ್ತಿ. ಗುಡ್ಡದಲ್ಲಿ ನೆರಳಿಲ್ಲ, ನೀರೂ ದೂರ. ಅವನಿಗೆ ತಂಪಿರಲಿ ಅಂತ ಮಾಳವ್ವ ಸೌತೆಕಾಯಿ ಹೆಚ್ಚಿ, ಉಪ್ಪು ಹಾಕಿ, ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಜೊತೆ ಒಂದೇ ಗಂಟಲ್ಲಿ ಕಟ್ಟಿದ್ಲು. ಇಲ್ಲೇ ಅವಳು ತಪ್ಪಿದ್ದು. ಹೆಚ್ಚಿದ ಸೌತೆಕಾಯಿಗೆ ಉಪ್ಪು ಬಿದ್ರೆ ಅದು ನೀರು ಬಿಡುತ್ತೆ. ಮಧ್ಯಾಹ್ನ ಗುಡದಪ್ಪ ಗಂಟು ಬಿಚ್ಚಿದ್ರೆ ರೊಟ್ಟಿ ಅಂಬಲಿ ಆಗಿತ್ತಂತೆ. ಜೊತೆಯವರು ನೋಡಿ, ಏನ್ ಗುಡದಪ್ಪ, ನಿನ್ನ ಹೆಂಡ್ತಿ ಹಸುವಿಗೆ ಇಟ್ಟ ಮುಸುರೆ ನಿನಗೆ ಕಟ್ಟಿದ್ಲಾ ಅಂತ ನಕ್ರಂತೆ. ಗುಡದಪ್ಪ ಗಂಟು ಹತ್ರ ಎಳ್ಕೊಂಡ. ಎಲೆ ಬಳಿದು ಅಷ್ಟೂ ತಿಂದ. ಸಂಜೆ ದುರುಗವ್ವ ಬಟ್ಟೆ ಕೊಡವಿದ್ಲು, ಬರಿದಾಗಿತ್ತು. ಆದ್ರೆ ಆ ಬಟ್ಟೆ ಒಗೆಯೋಕೆ ಹೋದ ಮಾಳವ್ವನಿಗೆ ಅದರ ತೇವ ನೋಡಿದ ಕೂಡಲೇ ಗೊತ್ತಾಯ್ತು. ಹೆಂಗಿತ್ತು ಬುತ್ತಿ ಅಂತ ಕೇಳಿದ್ಲು. ನುಂಗೋಕೆ ಸಲೀಸಾಗಿತ್ತು, ಅಗಿಯೋ ಕೆಲಸಾನೇ ಇರಲಿಲ್ಲ ಅಂದ ಅವನು. ಮಾಳವ್ವ ಮುಖ ತಿರುಗಿಸ್ಕೊಂಡು ನಕ್ಲಂತೆ, ಅವಳ ಕಣ್ಣಲ್ಲಿ ನೀರೂ ಬಂತಂತೆ. ಮಾರನೇ ದಿನದಿಂದ ಸೌತೆಕಾಯಿ ಇಡೀದಾಗಿ ಬೇರೆ ಕಟ್ಟಿದ್ಲು. ಇಡೀ ಕಾಯಿ ತನ್ನ ನೀರನ್ನ ತಾನೇ ಹಿಡ್ಕೊಂಡಿರುತ್ತೆ. ಗುಡದಪ್ಪ ಅದನ್ನ ಬಂಡೆ ಮೇಲೆ ಗುದ್ದಿ ಒಡೆದು, ರೊಟ್ಟಿ ಜೊತೆ ಕಚ್ಚಿ ತಿಂತಿದ್ದನಂತೆ. ದಾಹಾನೂ ಹೋಗ್ತಿತ್ತು, ಹಸಿವೂ ಹೋಗ್ತಿತ್ತು.

ಆಮೇಲೆ ಮೈಲಾರಿ ಬುತ್ತಿ. ಅವನಿಗೆ ಸಜ್ಜೆ ರೊಟ್ಟಿ ತೆಳ್ಳಗೆ ತಟ್ಟಿ, ಒಣಗಿಸಿ, ಖಡಕ್ ಮಾಡಿ ಕಟ್ಟಿದ್ಲು. ಖಡಕ್ ರೊಟ್ಟಿ ಕೆಡಲ್ಲ, ನಿಜ, ಆದ್ರೆ ಅದು ಗಾಡಿಯ ಕುಲುಕಾಟಕ್ಕೆ ಆಗೋ ಪದಾರ್ಥ ಅಲ್ಲ. ಸಂಜೆ ಮೈಲಾರಿ ಎತ್ತು ಕಟ್ಟೋಕೆ ಹಿತ್ತಲಿಗೆ ಹೋದವನು ಅತ್ತಿಗೆಯನ್ನ ಕರೆದ. ಅತ್ತಿಗೆಮ್ಮ, ನೀನು ರೊಟ್ಟಿ ಕಟ್ಟಿದ್ಯೋ ತೌಡು ಕಟ್ಟಿದ್ಯೋ, ಗಂಟು ಬಿಚ್ಚಿದ್ರೆ ಗಾಳಿಗೆ ಅರ್ಧ ಹೋಯ್ತು, ಉಳಿದಿದ್ದನ್ನ ಎತ್ತು ನನಗಿಂತ ಮುಂಚೆ ನೆಕ್ಕಿಬಿಡ್ತು ಅಂದ. ಅವ್ವನಿಗೆ ಹೇಳ್ಬೇಡಪ್ಪ ಅಂದ್ಲು ಮಾಳವ್ವ. ಹೇಳಲ್ಲ, ಆದ್ರೆ ಎತ್ತು ನಾಳೆನೂ ಅದನ್ನೇ ಕೇಳುತ್ತೆ ನೋಡು ಅಂದನಂತೆ. ಅವನು ಹಂಗೇ, ಹೊಟ್ಟೆ ಖಾಲಿ ಇದ್ರೂ ತಮಾಷೆ ಬಿಡೋನಲ್ಲ.

ಮಾಳವ್ವ ಕೂತು ಯೋಚಿಸಿದ್ಲು. ರೊಟ್ಟಿ ಹೆಂಗಿದ್ರೂ ಪುಡಿಯಾಗುತ್ತೆ ಅಂದ್ಮೇಲೆ ನಾನೇ ಯಾಕೆ ಪುಡಿ ಮಾಡಬಾರದು ಅಂತ. ಸಜ್ಜೆ ರೊಟ್ಟಿ ಕುಟ್ಟಿದ್ಲು, ಹುರಿದ ಶೇಂಗಾ ಕುಟ್ಟಿದ್ಲು, ಬೆಲ್ಲ, ಏಲಕ್ಕಿ, ಕೊಬ್ಬರಿ ಸೇರಿಸಿದ್ಲು. ಇದನ್ನ ಮಾದಲಿ ಅಂತಾರೆ. ಬೇರೆಯವರು ಉಂಡೆ ಕಟ್ಟೋಕೆ ತುಪ್ಪ ಹಾಕ್ತಾರೆ, ತುಪ್ಪ ಹಾಕೋ ಹಂಗಿಲ್ಲವಲ್ಲ, ಅದಕ್ಕೆ ಶೇಂಗಾನ ಇನ್ನೂ ಚೆನ್ನಾಗಿ ಕುಟ್ಟಿದ್ಲು. ಶೇಂಗಾ ಕುಟ್ತಾ ಹೋದ್ರೆ ತಾನೇ ಎಣ್ಣೆ ಬಿಡುತ್ತೆ, ಆ ಎಣ್ಣೆ, ಆ ಬೆಲ್ಲ ಸೇರಿ ಉಂಡೆ ಗಟ್ಟಿಯಾಗಿ ನಿಂತಿತು. ಮೈಲಾರಿ ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಉಂಡೆ ಹಿಡ್ಕೊಂಡು ಗಾಡಿ ನಿಲ್ಲಿಸದೇ ತಿಂದು ಬಂದ. ಎತ್ತಿಗೆ ಬೇಜಾರಾಗಿದೆ ಅತ್ತಿಗೆಮ್ಮ ಅಂದನಂತೆ.

ಇಷ್ಟು ಹೊತ್ತಿಗೆ ಕರು ಕಿವಿ ನಿಮಿರಿಸ್ಕೊಂಡು ಅಂಗಳದಲ್ಲಿ ಕುಣಿಯೋಕೆ ಶುರುಮಾಡಿತ್ತು. ಆದ್ರೆ ಹುಲ್ಲಿನ್ನೂ ಮುಟ್ಟಿರಲಿಲ್ಲ. ಮಾಳವ್ವನಿಗೆ ಸ್ವಲ್ಪ ಧೈರ್ಯ ಬಂತು. ಉಂಡೆ ಎಲ್ಲರಿಗೂ ಸರಿಹೋಗುತ್ತೆ ಅಂದ್ಕೊಂಡು ಅಲ್ಲಿವರೆಗೆ ಅಣ್ಣನ ಹಂಗೇ ರೊಟ್ಟಿ ಚಟ್ನಿಪುಡಿ ಒಯ್ತಿದ್ದ ಸಿದ್ಲಿಂಗನಿಗೂ ಅದನ್ನೇ ಕಟ್ಟಿದ್ಲು. ಪಾಪ, ಅವನಿಗೆ ಅದೇ ವಾರ ಮುಂದಿನ ಹಲ್ಲು ಬಿದ್ದಿದ್ವು, ಮೇಲೂ ಇಲ್ಲ ಕೆಳಗೂ ಇಲ್ಲ. ಅವಳಿಗೆ ಅದು ಗೊತ್ತಿತ್ತು, ಮೈಲಾರಿಗೆ ಉಂಡೆ ಹಿಡಿಸಿದ ಖುಷಿಯಲ್ಲಿ ಮರೆತಿದ್ಲು. ಮಠದಲ್ಲಿ ಹುಡುಗ ಉಂಡೆ ಕಚ್ಚೋಕೆ ನೋಡಿದ, ಆಗಲಿಲ್ಲ, ಜೊತೆಯ ಹುಡುಗರು ನಕ್ಕರು, ನಾಚಿಕೆಯಾಗಿ ಹಂಗೇ ಕಟ್ಟಿಟ್ಟ. ಸಂಜೆ ದುರುಗವ್ವ ಬಟ್ಟೆ ಕೊಡವಿದ್ಲು. ಉಂಡೆ ಹೊಸ್ತಿಲ ಮೇಲೆ ಬಿದ್ದು ಉರುಳಿ ಹೋಯ್ತು.

ಅವ್ವ, ಅತ್ತಿಗೇದೇನೂ ತಪ್ಪಿಲ್ಲ, ನನ್ನ ಹಲ್ಲಿನ ತಪ್ಪು ಅಂದ ಸಿದ್ಲಿಂಗ. ಕೂಸು ಹಸ್ಕೊಂಡು ಬಂದಿದೆ ಮಾಳವ್ವ, ನಾಳೆ ಬೆಳಿಗ್ಗೆ ಚೆಂಬು ತೊಳೆದಿಡು ಅಂತಷ್ಟೇ ಹೇಳಿ ದುರುಗವ್ವ ಒಳಗೆ ಹೋದ್ಲು. ಕೊಟ್ಟ ಮಾತು ಮಾತೇ. ಮಾಳವ್ವ ಹುಡುಗನಿಗೆ ಬಿಸಿ ನುಚ್ಚು ಉಣ್ಣಿಸಿ, ಆಮೇಲೆ ಅತ್ತೆಗೆ ಬಡಿಸಿದ್ಲು.

ಆಗ ನೋಡು, ಮಾಳವ್ವ ಅವತ್ತೇ ಮೊದಲು ಅತ್ತೆ ಉಣ್ಣೋದನ್ನ ಕೂತು ನೋಡಿದ್ದು. ದುರುಗವ್ವ ರೊಟ್ಟಿಯ ನಡುವಿನ ಮೆತ್ತನೆ ಭಾಗ ಮಾತ್ರ ಮುರಿದು, ಸಾರಲ್ಲಿ ನೆನೆಸಿ, ಬಾಯಲ್ಲಿ ಆಡಿಸಿ ಆಡಿಸಿ ನುಂಗ್ತಿದ್ಲು. ಅಂಚನ್ನೆಲ್ಲ ಯಾರಿಗೂ ಕಾಣದ ಹಂಗೆ ತಟ್ಟೆ ಕೆಳಗೆ ಸರಿಸ್ತಿದ್ಲು. ಅವಳಿಗೆ ಮುಂದಿನ ಹಲ್ಲಿದ್ವು, ನಕ್ಕರೆ ಕಾಣ್ತಿದ್ವು, ಹಂಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ದವಡೆ ಹಲ್ಲು ಒಂದೂ ಇರಲಿಲ್ಲ. ಇಷ್ಟು ವರ್ಷ ಅವಳು ರೊಟ್ಟಿಯನ್ನ ಮೊಸರಲ್ಲಿ ಕಲಸಿಟ್ಟು ತಿಂತಿದ್ಲು. ಮೊಸರು ಹೋದ ದಿನದಿಂದ ಅರೆಹೊಟ್ಟೆ. ಹೇಳೋಕೆ ಬಿಗುಮಾನ. ಗಂಡಸರ ಬುತ್ತಿ ಅಂತ ಅಂದಿದ್ಲೇ ಹೊರತು ನನ್ನ ಊಟ ಅಂತ ಅವಳು ಒಂದು ದಿನಾನೂ ಬಾಯಿ ಬಿಟ್ಟಿರಲಿಲ್ಲ.

ಹೊರಗೆ ಹೋಗೋ ಮೂವರ ಬಾಯಿ ನೋಡಿದೆ, ಮನೆಯಲ್ಲಿ ಉಳಿಯೋರ ಬಾಯಿ ನೋಡಲಿಲ್ಲವಲ್ಲ ನಾನು ಅಂದ್ಕೊಂಡ್ಲು ಮಾಳವ್ವ. ಕರುವಿನ ಮಾತು ಎತ್ತಲಿಲ್ಲ. ಚೆಂಬು ತೊಳೆದು, ಬೋರಲು ಹಾಕಿಟ್ಟು ಮಲಗಿದ್ಲಂತೆ.

ಬೆಳಗಾಯ್ತು. ದುರುಗವ್ವ ಚೆಂಬು ಹಿಡ್ಕೊಂಡು ಕೊಟ್ಟಿಗೆಗೆ ಹೋದ್ಲು. ಮಾಳವ್ವ ತಡೀಲಿಲ್ಲ, ಒಲೆ ಮುಂದೆ ಕೂತ್ಲು. ಮಂಡಕ್ಕಿಯನ್ನ ನೀರಲ್ಲಿ ನೆನೆಸಿ ಹಿಂಡಿದ್ಲು. ಎಣ್ಣೆ ಕಾಯಿಸಿ ಸಾಸಿವೆ, ಕರಿಬೇವು, ಈರುಳ್ಳಿ ಹಾಕಿ, ಚೂರು ಹುಣಸೆಹುಳಿ, ಅರಿಶಿನ, ಉಪ್ಪು ಸೇರಿಸಿ, ಮಂಡಕ್ಕಿ ಸುರಿದು ಕೈಯಾಡಿಸಿ, ಮೇಲೆ ಹುರಿಗಡಲೆ ಹಿಟ್ಟು ಉದುರಿಸಿದ್ಲು. ಹಿಟ್ಟು ಉದುರಿಸೋದು ಯಾಕೆ ಅಂದ್ರೆ, ಅದು ತೇವ ಹೀರ್ಕೊಂಡು ಮಂಡಕ್ಕಿ ಮೆತ್ತಗೇ ಇರುತ್ತೆ, ಮುದ್ದೆಯಾಗಲ್ಲ, ಹೊಟ್ಟೆಗೂ ನಿಲ್ಲುತ್ತೆ. ಬಿಸಿಯಲ್ಲಿ ಕಟ್ಟಿದ್ರೆ ಗಂಟಿನೊಳಗೆ ಬೆವರಿ ಹಳಸುತ್ತೆ ಅಂತ ಮೊರದಲ್ಲಿ ಹರಡಿ ಆರಿಸಿದ್ಲು. ಗಂಡನಿಗೆ, ಮೈಲಾರಿಗೆ ಅವರವರ ಬುತ್ತಿ ಕಟ್ಟಿ, ಈ ಮಂಡಕ್ಕಿಯನ್ನ ಎರಡು ಗಂಟು ಕಟ್ಟಿದ್ಲು. ಒಂದನ್ನ ಸಿದ್ಲಿಂಗನ ಹೆಗಲಿಗೆ ಹಾಕಿದ್ಲು. ಇನ್ನೊಂದನ್ನ ಹಿಡ್ಕೊಂಡು ಕೊಟ್ಟಿಗೆಗೆ ಹೋದ್ಲು.

ದುರುಗವ್ವ ಸಗಣಿ ಬಳಿದು, ಹುಲ್ಲು ಹಾಕಿ, ಆಗಷ್ಟೇ ಕೌಲಿ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ಲು, ಕರು ಹಗ್ಗ ಜಗ್ಗತಾ ಇತ್ತು. ಇದ್ಯಾರ ಬುತ್ತಿನೇ ಅಂತ ಕೇಳಿದ್ಲು. ನಿಮ್ದು ಅತ್ತೆ. ನಾನು ಯಾವ ಗುಡ್ಡಕ್ಕೆ ಹೋಗ್ಬೇಕವ್ವ, ಯಾವ ಮಠಕ್ಕೆ ಹೋಗ್ಬೇಕು ಅಂದ್ಲು ದುರುಗವ್ವ. ಎಲ್ಲಿಗೂ ಹೋಗ್ಬೇಡಿ, ಇಡೀ ದಿನ ಮನೆ ಕಾಯ್ತೀರಲ್ಲ, ಅದು ಕೆಲಸ ಅಲ್ವಾ, ಹೊತ್ತಾದಾಗ ಬಿಚ್ಚಿ ತಿನ್ನಿ, ಮೆತ್ತಗಿದೆ ಅಂದ್ಲು ಮಾಳವ್ವ.

ಮೆತ್ತಗಿದೆ ಅಂದಿದ್ದಕ್ಕೆ ದುರುಗವ್ವ ಸೊಸೆ ಮುಖ ನೋಡಿದ್ಲು. ಸೊಸೆಗೆ ಗೊತ್ತಾಗಿದೆ ಅಂತ ಅವಳಿಗೂ ಗೊತ್ತಾಯ್ತು. ಮದುವೆಯಾಗಿ ಬಂದಾಗಿಂದ ಆ ಹೆಂಗಸು ಎಷ್ಟು ಜನಕ್ಕೆ ಬುತ್ತಿ ಕಟ್ಟಿದ್ಲೋ, ಮಾವನಿಗೆ, ಗಂಡನಿಗೆ, ಮಕ್ಕಳಿಗೆ. ಅವಳಿಗೆ ಅಂತ ಒಬ್ಬರು ಗಂಟು ಕಟ್ಟಿಕೊಟ್ಟಿದ್ದು ಅವತ್ತೇ ಮೊದಲಂತೆ. ನೀನು ಒಳಗೆ ಹೋಗು, ಒಲೆ ನೋಡು ಅಂದ್ಲು.

ಮಾಳವ್ವ ಒಳಗೆ ಹೋದ್ಲು, ಆದ್ರೆ ಅವಳ ಕಿವಿಯೆಲ್ಲ ಕೊಟ್ಟಿಗೆ ಕಡೆಗೇ. ಹಾಲು ಚೆಂಬಿಗೆ ಬೀಳುವಾಗ ಸೊರ್ ಸೊರ್ ಅಂತ ಸದ್ದಾಗುತ್ತಲ್ಲ, ಅದು ಕೇಳುತ್ತೇನೋ ಅಂತ ಕಾದ್ಲು. ಕೇಳಲಿಲ್ಲ. ಬಹಳ ಹೊತ್ತಾದ ಮೇಲೆ ಬಗ್ಗಿ ನೋಡಿದ್ರೆ ಅತ್ತೆ ಗೋಡೆಗೆ ಒರಗಿ, ಗಂಟು ಬಿಚ್ಕೊಂಡು, ಬೆಳಗಿನ ಹೊತ್ತಲ್ಲೇ ಮಂಡಕ್ಕಿ ತಿಂತಾ ಕೂತಿದ್ಲು, ನಿಧಾನಕ್ಕೆ, ಬಾಯ್ತುಂಬ. ಕರುವಿನ ಹಗ್ಗ ಬಿಚ್ಚಿತ್ತು. ಅದು ಕೌಲಿ ಕೆಚ್ಚಲಿಗೆ ಗುದ್ದಿ ಗುದ್ದಿ ಕುಡೀತಿತ್ತು, ಕೌಲಿ ಅದರ ಬೆನ್ನು ನೆಕ್ತಿತ್ತು.

ಆಮೇಲೆ ದುರುಗವ್ವ ಖಾಲಿ ಚೆಂಬು ತಂದು ಮೂಲೆಯಲ್ಲಿಟ್ಟಳಂತೆ. ನಿನ್ನ ಹಸು ಒದೆಯುತ್ತೆ ಕಣವ್ವ, ನನಗೆ ಕರೆಯೋಕಾಗಲ್ಲ, ಕರು ಹುಲ್ಲು ಕಡಿಯಲಿ, ಆಮೇಲೆ ನೋಡೋಣ ಅಂದ್ಲು. ಕೌಲಿ ಹುಟ್ಟಿದಾಗಿಂದ ಯಾರಿಗೂ ಕಾಲೆತ್ತಿದ ಹಸು ಅಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಹೌದತ್ತೆ, ಈಚೆಗೆ ಒದೆಯುತ್ತೆ ಅಂದ್ಲಂತೆ ಮಾಳವ್ವ. ನಾಳೆ ಮಂಡಕ್ಕಿಗೆ ಉಪ್ಪು ಚೂರು ಜಾಸ್ತಿ ಇರಲಿ ಅಂತ ಅತ್ತೆ ಸೇರಿಸಿದ್ಲು.

ಅವತ್ತು ಸಂಜೆ ಸಿದ್ಲಿಂಗನ ಬಟ್ಟೆ ಬರಿದಾಗಿತ್ತು. ಮಠದ ಅಯ್ಯನೋರೂ ಒಂದು ಹಿಡಿ ಇಸ್ಕೊಂಡ್ರು ಅವ್ವ, ಅವರಿಗೂ ಹಲ್ಲಿಲ್ಲ ಅಂತ ಅವನು ಗುಟ್ಟು ಹೇಳಿದನಂತೆ. ಆಮೇಲೆ ಕರು ಹುಲ್ಲು ಕಡೀತು, ದೊಡ್ಡದಾಯ್ತು. ಅಷ್ಟರಲ್ಲಿ ಆ ಮನೆಯವರಿಗೆ ಹಾಲಿಲ್ಲದ ಬುತ್ತಿ ಎಷ್ಟು ರೂಢಿಯಾಗಿತ್ತು ಅಂದ್ರೆ, ಚೆಂಬು ಮೂಲೆಯಲ್ಲೇ ಉಳೀತಂತೆ. ದುರುಗವ್ವ ಅರೆಹೊಟ್ಟೆ ಇಲ್ಲದೆ, ಮಾಳವ್ವ ಕಣ್ಣೀರಿಲ್ಲದೆ, ಎಲ್ಲರೂ ಉಂಡು ಸುಖವಾಗಿದ್ರಂತೆ.

ಕೌಲಿಯ ಕರು ಹೊಟ್ಟೆ ತುಂಬಿ ಮಲಗ್ತು, ಕತೆಯೂ ಮುಗೀತು. ನೀನೂ ಕಣ್ಣು ಮುಚ್ಚು ಮಗಳೇ.