ಮಂಗಟ್ಟೆ ಮತ್ತು ದುರ್ಬೀನು

ಕಡಿದ ಮೇಲೆ ಉಳಿದ ಮಳೆಕಾಡಿನ ರೆಸಾರ್ಟಿಗೆ ಅತಿಥಿಯೊಬ್ಬನ ಕೊರಳಲ್ಲಿ ದುರ್ಬೀನು ಬಂತು. ಎದುರಿನ ಮರದ ಪೊಟರೆಯಲ್ಲಿ ಹೆಣ್ಣು ಮಂಗಟ್ಟೆ ಹಕ್ಕಿ, ಹಣ್ಣು ತೂರುವಷ್ಟೇ ಸೀಳು ಬಿಟ್ಟು ಬಾಗಿಲು ಮೆತ್ತಿಕೊಂಡು, ಮರಿಗಳೊಂದಿಗೆ ಕುಳಿತಿತ್ತು. ಹಣ್ಣು ತಂದ ಗಂಡು ದೂರದ ಕೊಂಬೆಯಲ್ಲೇ ನಿಂತಿತ್ತು.

“ಮನೆಯವಳು ಹಸಿದಿರಬೇಕು. ಯಾಕೆ ಹೋಗುತ್ತಿಲ್ಲ ಮಾರಾಯ?” ಎಂದು ದುರ್ಬೀನು ಕೇಳಿತು.

“ನೀನು ನೋಡುತ್ತಿರುವಾಗ ಮನೆಬಾಗಿಲು ತೋರಿಸಲಾರೆ.”

“ನಾನೇನು ಮುಟ್ಟುತ್ತೇನೆಯೆ? ನೋಡಲಿಕ್ಕೇ ಇಷ್ಟು ದೂರ ಬಂದೆ.”

“ಸರಿ, ನೋಡುತ್ತಲೇ ಇರು. ನನ್ನ ಮಕ್ಕಳು ಸಾಯುವುದೂ ಕಾಣುತ್ತದೆ.”

ದುರ್ಬೀನು ಯೋಚಿಸಿ, ಮಂಜನ್ನು ಒಳಗೆಳೆದುಕೊಂಡು ಗಾಜು ಮಸುಕು ಮಾಡಿಕೊಂಡಿತು. ಅತಿಥಿ ಒರೆಸಿ ಒರೆಸಿ ಬೇಸತ್ತು, ಅದನ್ನು ಜಗುಲಿಯ ಮೇಲಿದ್ದ ಚೀಲಕ್ಕೆ ತುರುಕಿ ತಿಂಡಿಗೆ ಎದ್ದುಹೋದ.

ಚೀಲದೊಳಗೆ ದುರ್ಬೀನಿಗೆ ಏನೂ ಕಾಣಲಿಲ್ಲ. ದೊಡ್ಡ ರೆಕ್ಕೆಗಳ ಸದ್ದು ಮರದತ್ತ ಹೋಯಿತು. ಆಮೇಲೆ ಮರಿಗಳ ಗಲಾಟೆ ಕೇಳಿಸಿತು.