ಹಲಗೆ ಸಂದಿನ ಹುಲ್ಲು

“ಗುರುಗಳೇ, ಮನಸ್ಸಿನಲ್ಲಿ ಒಂದೇ ಒಂದು ಕೆಟ್ಟ ಯೋಚನೆಯೂ ಮೊಳೆಯದ ಹಾಗೆ ಮಾಡುವುದು ಹೇಗೆ?” ಎಂದು ಶಿಷ್ಯನೊಬ್ಬ ಕೇಳಿದ.

ಮಠದಲ್ಲಿ ಕಾಯಿಲೆ ಬಿದ್ದವರಿಗೆ ಗಂಜಿ ಕುಡಿಸುವುದು ಅವನ ಪಾಲಿನ ಕೆಲಸ. ಈಚೆಗೆ ಅದನ್ನೂ ಬಿಟ್ಟಿದ್ದ. ಕಣ್ಣು ಮುಚ್ಚಿ ಕೂತು, ಯಾವ ಯೋಚನೆ ಯಾವಾಗ ತಲೆ ಎತ್ತುತ್ತದೋ ಎಂದು ಕಾಯುವುದರಲ್ಲೇ ಅವನ ಹೊತ್ತು ಕಳೆಯುತ್ತಿತ್ತು. ಒಂದು ಕಣ್ತಪ್ಪಿ ಬಂದರೂ ತಾನು ಕೆಟ್ಟೆ ಎಂಬ ಭಯ ಅವನಿಗೆ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಮರದ ವ್ಯಾಪಾರಿ ಇದ್ದ. ಅವನ ಮೊದಲ ಮಗ ಹಿತ್ತಲಲ್ಲಿ ಆಡುತ್ತಿದ್ದಾಗ ಹುಲ್ಲಿನೊಳಗಿದ್ದ ಹಾವು ಕಚ್ಚಿತು. ಹುಡುಗ ಉಳಿಯಲಿಲ್ಲ. ಕೆಲವು ವರ್ಷದ ಮೇಲೆ ಒಬ್ಬಳು ಮಗಳು ಹುಟ್ಟಿದಳು. ಈ ಮಗುವಿನ ಕಾಲಿಗೆ ಹುಲ್ಲು ಸೋಕಬಾರದು ಎಂದು ವ್ಯಾಪಾರಿ ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ. ಮನೆಯಲ್ಲಿ ಮರಕ್ಕೇನು ಬರವೇ? ಹಿತ್ತಲಿನ ಉದ್ದಗಲಕ್ಕೂ ಮೊಳದೆತ್ತರದಲ್ಲಿ ಹಲಗೆ ಹಾಸಿಸಿ ದೊಡ್ಡದೊಂದು ಜಗಲಿ ಮಾಡಿಸಿದ. ಮಗಳು ಅದರ ಮೇಲೆ ಅಂಬೆಗಾಲಿಟ್ಟಳು. ಅವನಿಗೆ ಹೋದ ಜೀವ ಬಂದಂತಾಯಿತು.

ಆದರೆ ಹಲಗೆ ಹಾಸುವ ಮೊದಲು ನೆಲ ಅಗೆದು ಬೇರು ತೆಗೆಸಬೇಕಿತ್ತು. ಅಷ್ಟು ತಾಳ್ಮೆ ಅವನಿಗಿರಲಿಲ್ಲ. ಬಿಸಿಲು ಕಾಣದ ಹುಲ್ಲು ತಾನಾಗಿಯೇ ಸಾಯುತ್ತದೆ ಎಂದುಕೊಂಡಿದ್ದ. ಮೊದಲ ಮಳೆ ಬಿತ್ತು. ಹಲಗೆ ಹಲಗೆಯ ನಡುವೆ ಬೆರಳು ತೂರುವಷ್ಟು ಸಂದು ಇತ್ತಲ್ಲ, ಅಲ್ಲಿಂದ ಗರಿಕೆ ಇಣುಕಿತು, ಅದರ ಪಕ್ಕದಲ್ಲಿ ಜೇಕು ಬಂತು. ಹುಲ್ಲಿಗೆ ಯಾರ ಅಪ್ಪಣೆ ಬೇಕು?

ಬೇರೆ ಯಾರೇ ಆಗಿದ್ದರೂ ಕಿತ್ತೆಸೆದು ಕೈತೊಳೆದುಕೊಳ್ಳುತ್ತಿದ್ದರು. ವ್ಯಾಪಾರಿಗೆ ಮಾತ್ರ ಎದೆ ಝಲ್ಲೆಂದಿತು. ಹುಲ್ಲು ಬಂತು ಎಂದರೆ ಹಾವು ಬಂತು ಎಂದೇ ಅವನ ಲೆಕ್ಕ. ಬೆಳಗಾದರೆ ಮಂಡಿಯೂರಿ, ಕೈಯಲ್ಲಿ ಚಾಕು ಹಿಡಿದು, ಒಂದೊಂದೇ ಸಂದನ್ನು ಕೆರೆಯುತ್ತ ಹೋಗುತ್ತಿದ್ದ. ಉಪ್ಪು ಸುರಿದ. ಸುಣ್ಣದ ನೀರು ಹೊಯ್ದ. ಒಂದು ಕಡೆ ಒಣಗಿದರೆ ಇನ್ನೊಂದು ಕಡೆ ಚಿಗುರುತ್ತಿತ್ತು. ಅಂಗಡಿಯಲ್ಲಿ ಕೂತರೂ ಅವನ ಕಣ್ಣ ಮುಂದೆ ಅದೇ ಹಸಿರು. ಮಗಳು ಮೊದಲ ಹೆಜ್ಜೆ ಇಟ್ಟದ್ದು ಅವನ ಬೆನ್ನ ಹಿಂದೆ. ಅವನು ಸಂದು ನೋಡುತ್ತಿದ್ದ.

“ಹುಲ್ಲು ತಾನೇ? ಬಂದಾಗ ಕಿತ್ತರಾಯಿತು,” ಎಂದಳು ಹೆಂಡತಿ. “ಮಗು ಆಗಿನಿಂದ ನಿಮ್ಮನ್ನು ಕರೀತಿದೆ. ಒಂದು ಸಲ ತಿರುಗಿ ನೋಡಿ.”

“ಇರೇ, ಇದೊಂದು ಸಾಲು ಮುಗೀಲಿ,” ಎಂದ ಅವನು.

ಕೊನೆಗೆ ಒಂದು ದಿನ ಬೇಸತ್ತು, ಎಲ್ಲ ಸಂದಿಗೂ ಸಣಬಿನ ನಾರು ತುರುಕಿಸಿ ಮೇಲೆ ಡಾಂಬರು ಹೊಯ್ಸಿದ. ಜಗಲಿಯ ಸುತ್ತಲೂ ಹಲಗೆ ಹೊಡೆಸಿ ಒಂದು ಇರುವೆಯೂ ನುಸುಳದ ಹಾಗೆ ಮುಚ್ಚಿಸಿದ. ಹುಲ್ಲು ಬರುವ ಸಂದಿನಲ್ಲೇ ನೀರೂ ಇಳಿಯಬೇಕು, ಗಾಳಿಯೂ ಆಡಬೇಕು. ಮರದ ವ್ಯಾಪಾರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಹೆದರಿದವನಿಗೆ ಗೊತ್ತಿದ್ದದ್ದೂ ಸಮಯಕ್ಕೆ ನೆನಪಾಗುವುದಿಲ್ಲ.

ಹುಲ್ಲೇನೋ ನಿಂತಿತು. ಭಯ ನಿಲ್ಲಲಿಲ್ಲ. ಮೊದಲಾದರೆ ಸಂದಿನಲ್ಲಿ ಕಣ್ಣಿಟ್ಟರೆ ಕೆಳಗಿನ ನೆಲ ಕಾಣುತ್ತಿತ್ತು. ಈಗ ಏನೂ ಕಾಣದು. ಕಾಣದ ಮೇಲೆ ಅಲ್ಲಿ ಏನು ಬೇಕಾದರೂ ಇರಬಹುದಲ್ಲ ಎಂದು ಅವನಿಗೆ ಹೊಳೆಯಿತು. ಹಲಗೆಗೆ ಕಿವಿಯಿಟ್ಟು ಮಲಗತೊಡಗಿದ. ಒಳಗೆ ಏನೋ ಪಿಚಕ್ಕೆಂದರೆ ಕಪ್ಪೆ ಎಂದುಕೊಳ್ಳುತ್ತಿದ್ದ. ಕಪ್ಪೆ ಇದ್ದಲ್ಲಿಗೆ ಹಾವು ಬಾರದೇ ಇದ್ದೀತೇ ಎಂದು ಬೆವರುತ್ತಿದ್ದ. ಒಂದು ಹಲಗೆ ಎತ್ತಿ ನೋಡೋಣವೆಂದರೆ ಕೈ ಬಾರದು. ಮೇಲೆ ಎಣ್ಣೆ ತಿಕ್ಕಿಸಿದ ಹಲಗೆಗಳು ಮಿರಮಿರ ಮಿಂಚುತ್ತಿದ್ದವು. ಕೆಳಗೆ ಅವು ತೇವ ಕುಡಿದು ಕೊಳೆಯುತ್ತಿದ್ದದ್ದು ಅವನಿಗೆ ತಿಳಿಯಲಿಲ್ಲ.

ಒಂದು ಬೆಳಿಗ್ಗೆ ಅವನು ಹಾಗೆಯೇ ಕಿವಿಯಿಟ್ಟು ಮಲಗಿದ್ದ. ಅಪ್ಪ ಆಟಕ್ಕೆ ಮಲಗಿದ್ದಾನೆಂದು ಮಗಳು ಆ ತುದಿಯಿಂದ ಓಡಿ ಬಂದಳು. ನಡುವೆ ಒಂದು ಹಲಗೆ ಮುರಿಯಿತು. ಹುಡುಗಿಯ ಒಂದು ಕಾಲು ತೊಡೆಯವರೆಗೆ ಒಳಗೆ ಹೋಯಿತು.

“ಅಪ್ಪಾ, ಕೆಳಗೆ ಏನೋ ತಣ್ಣಗೆ ತಾಗ್ತಿದೆ,” ಎಂದಳು.

ಇಷ್ಟು ವರ್ಷ ಹೆದರಿಕೊಂಡು ಕಾದದ್ದು ಕೊನೆಗೂ ಬಂದೇ ಬಂತು ಎಂದು ವ್ಯಾಪಾರಿಗೆ ಅನ್ನಿಸಿತು.

“ಅಲ್ಲಾಡಬೇಡ. ಅದು ಹರಿದಾಡ್ತಿದೆಯಾ?”

“ಗೊತ್ತಿಲ್ಲ. ಕಾಲು ನೋಯ್ತಿದೆ.”

ತೆವಳಿಕೊಂಡು ಹೋಗಿ ಅವಳ ಕಂಕುಳಿಗೆ ಕೈಕೊಟ್ಟು ಮೇಲಕ್ಕೆಳೆದ. ಮುರಿದ ಹಲಗೆಯ ಸಿಬಿರು ಮೊಣಕಾಲಿನಿಂದ ಮೀನಖಂಡದವರೆಗೆ ಸೀಳಿತ್ತು. ಅವನು ಆ ಕಾಲನ್ನು ಹಿಡಿದು, ರಕ್ತ ಒರೆಸಿ ಒರೆಸಿ, ಹಲ್ಲಿನ ಗುರುತು ಹುಡುಕಿದ. ಸಿಗಲಿಲ್ಲ. ಮಗುವನ್ನು ಪಕ್ಕಕ್ಕೆ ಕೂರಿಸಿ, ಮುರಿದ ಜಾಗಕ್ಕೆ ಎರಡೂ ಕೈ ಹಾಕಿ ಪಕ್ಕದ ಹಲಗೆ ಕಿತ್ತ. ಅದರಾಚೆಯದನ್ನೂ ಕಿತ್ತ. ಒಂದು ಎಳೆ ಹುಲ್ಲಿರಲಿಲ್ಲ. ಕಪ್ಪು ನೀರು ನಿಂತಿತ್ತು. ನೀರಿನಾಚೆ ಕತ್ತಲೆ.

“ಅಪ್ಪಾ, ರಕ್ತ ನಿಲ್ತಿಲ್ಲ,” ಎಂದಳು ಮಗಳು.

“ಇರಮ್ಮಾ, ನೋಡ್ತೀನಿ,” ಎಂದು ಅವನು ಆ ಕತ್ತಲೆಗೆ ತಲೆ ಹಾಕಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಅಲ್ಲಿ ಹಾವಿತ್ತೇ, ಗುರುಗಳೇ?”

“ಮಗುವಿನ ಕಾಲಿಗೆ ಇನ್ನೂ ಯಾರೂ ಬಟ್ಟೆ ಕಟ್ಟಿಲ್ಲ,” ಎಂದರು ಗುರುಗಳು.