ಗೋಸುಂಬೆ ಕಪ್ಪಾದ ಬೆಳಿಗ್ಗೆ

ಒಂದಾನೊಂದು ಬೆಟ್ಟದ ಊರಿನಲ್ಲಿ ರಾಜನ ಉಪ್ಪಿನಕಾಯಿ ಜಾಡಿಯಿಂದ ಒಂದು ಹೋಳು ಕಾಣೆಯಾಯಿತಂತೆ. ಕೂಡಲೇ ಕೋಟೆಯ ಬಾಗಿಲು ಮುಚ್ಚಿದರಂತೆ. ಸಂತೆ ನಿಂತಿತಂತೆ. ಗಡಿಯಲ್ಲಿದ್ದ ದಂಡು ವಾಪಸ್ಸು ಬಂತಂತೆ. ತವರಿಗೆ ಹೊರಟಿದ್ದ ರಾಣಿ ಅರ್ಧ ದಾರಿಯಿಂದ ತಿರುಗಿದಳಂತೆ. ರಾಜ ಮಜ್ಜಿಗೆ ಅನ್ನವನ್ನು ಬರೀ ಉಪ್ಪು ನಂಚಿಕೊಂಡು ಉಂಡ ಎಂದು ತಿಳಿದು ಜನ ಜೋರಾಗಿ ಕೆಮ್ಮುವುದನ್ನೂ ಬಿಟ್ಟರಂತೆ.

ಕದ್ದವನ ಬಲಗೈ ಕಡಿಯಬೇಕೆಂದು ಅಪ್ಪಣೆಯಾಯಿತು. ಕದ್ದವನು ಯಾರು ಎಂಬುದಷ್ಟೇ ಬಾಕಿ. ಆಗ ಮಂತ್ರಿ ಹೇಳಿದನಂತೆ: ಮನುಷ್ಯರು ಬಣ್ಣ ಬದಲಾಯಿಸುವುದು ಒಳಗೊಳಗೇ, ಹೊರಗೆ ಕಾಣುವುದಿಲ್ಲ, ಎಲ್ಲರೆದುರು ಬದಲಾಯಿಸುವ ಪ್ರಾಮಾಣಿಕ ಪ್ರಾಣಿ ಗೋಸುಂಬೆ ಒಂದೇ, ಅದನ್ನೇ ಕೇಳೋಣ. ಮೇಲಿನ ಕಾಡಿನಿಂದ ಗೋಸುಂಬೆ ತರಿಸಿದರು. ಅರಮನೆಯ ಅಂಗಳದಲ್ಲಿ ಒಣಕೊಂಬೆ ನೆಟ್ಟು ಕೂರಿಸಿದರು. ಒಬ್ಬೊಬ್ಬರಾಗಿ ಬಂದು ಎದುರು ನಿಂತಾಗ ಅದು ಹಸಿರಾದರೆ ನಿರಪರಾಧಿ, ಕಪ್ಪಾದರೆ ಕಳ್ಳ. ಕಪ್ಪಾದರೂ ಅನ್ಯಾಯವಾಗಬಾರದೆಂದು ಮಾರನೆಯ ದಿನ ಅದೇ ಹೊತ್ತಿಗೆ ಇನ್ನೊಮ್ಮೆ ನೋಡುವುದು.

ಚಳಿಯಾದರೆ ಗೋಸುಂಬೆಯ ಮೈ ಕಪ್ಪಾಗುತ್ತದೆ, ಬಿಸಿ ತಾಗಿದರೆ ಹಸಿರಾಗುತ್ತದೆ. ಇದು ಆ ಊರಿನಲ್ಲಿ ಗೋಸುಂಬೆಗೆ ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲವಂತೆ.

ಅರಮನೆಗೆ ಸೌದೆ ಒಡೆಯುವ ಜಡೆಯ ಎಂಬವನು ಮಂಜು ಕರಗುವ ಮೊದಲೇ ಬಂದು ನಿಂತ. ಅವನ ಕೆಲಸದ ಹೊತ್ತೇ ಅದು. ಗೋಸುಂಬೆ ಇದ್ದಿಲಿನಂತೆ ಕಪ್ಪಾಗಿತ್ತು. ಅಧಿಕಾರಿಗಳು ಉಂಡು, ಎಲೆ ಅಡಿಕೆ ಹಾಕಿಕೊಂಡು, ಅಂಗಳದ ತುಂಬ ಬಿಸಿಲು ಬಂದ ಮೇಲೆ ಬಂದರು. ಗೋಸುಂಬೆ ಹಸಿರಾಗಿತ್ತು. ಮಂತ್ರಿ ನಿಂತಾಗಲಂತೂ ಎಳೆ ಬಾಳೆಲೆಯಂತೆ ಹೊಳೆಯಿತಂತೆ. ದೊಡ್ಡವರು ದೊಡ್ಡವರೇ ಎಂದು ಜನ ಮಾತಾಡಿಕೊಂಡರಂತೆ.

ಜಡೆಯನನ್ನು ಮನೆಗೆ ಕಳಿಸಿ ಬಾಗಿಲಿಗೆ ಕಾವಲು ಹಾಕಿದರು. ಅವನ ಹೆಂಡತಿ ಈರಿ ಸಿಕ್ಕವರ ಕಾಲನ್ನೆಲ್ಲ ಹಿಡಿದಳು. ಗೋಸುಂಬೆಗೆ ಅರಿಸಿನ ಬಳಿ ಅಂದರು ಕೆಲವರು. ಗಂಡನಿಗೆ ಹಸಿರು ಅಂಗಿ ತೊಡಿಸು ಅಂದರು ಇನ್ನು ಕೆಲವರು. ತಪ್ಪಿಲ್ಲದವನ ಮುಂದೆ ಅದೇಕೆ ಕಪ್ಪಾಗುತ್ತದಮ್ಮ ಎಂದು ಮಂತ್ರಿ ಸಮಾಧಾನ ಹೇಳಿದ. ಮನೆಗೆ ಬಂದರೆ ಜಡೆಯ ಎಡಗೈಯಲ್ಲಿ ಕೊಡಲಿ ಎತ್ತಿ ಅಭ್ಯಾಸ ಮಾಡುತ್ತಿದ್ದ. ಏಟು ಹೊಸ್ತಿಲಿಗೆ ಬಿದ್ದಿತ್ತು.

"ಈರಿ, ನಾನೇ ತಿಂದೆನೇನೋ. ಅಷ್ಟು ಜನ ಹೇಳುತ್ತಿದ್ದಾರೆ."

"ತಿಂದಿದ್ದರೆ ರುಚಿ ಹೇಳು ನೋಡೋಣ," ಅಂದಳು ಈರಿ. ಜಡೆಯ ಕೊಡಲಿ ಕೆಳಗಿಟ್ಟ.

ಮಾರನೆಯ ಬೆಳಿಗ್ಗೆ ಚಳಿ ಇನ್ನೂ ಜೋರಾಗಿತ್ತು. ಗೋಸುಂಬೆ ಹಿಂದಿನ ದಿನಕ್ಕಿಂತ ಕಪ್ಪಾಗಿತ್ತು. ಕೈ ಕಡಿಯುವವನು ಕತ್ತಿ ಒರೆಸಿಕೊಂಡು ಮುಂದೆ ಬಂದ. ಆಗ ಈರಿ ಸೆರಗಿನಲ್ಲಿ ಮುಚ್ಚಿ ತಂದಿದ್ದ ಮಡಕೆಯನ್ನು ಅಂಗಳದಲ್ಲಿಟ್ಟಳು.

"ಬುದ್ಧೀ, ನಾಳೆಯಿಂದ ಇವನಿಗೆ ನಾನೇ ಉಣಿಸಬೇಕು. ಇವತ್ತೊಂದು ದಿನ ತನ್ನ ಕೈಯಲ್ಲೇ ಬಿಸಿ ಮುದ್ದೆ ಉಣ್ಣಲಿ."

ರಾಜನಿಗೆ ಉಣ್ಣುವ ವಿಷಯದಲ್ಲಿ ಮರುಕ ಹೆಚ್ಚು. ಒಪ್ಪಿದ. ಜಡೆಯ ಕೊಂಬೆಯ ಪಕ್ಕದಲ್ಲೇ ಕೂತು ಹೊಗೆಯಾಡುವ ಮುದ್ದೆ ಹಿಡಿದ. ತುತ್ತು ಮುರಿಯದೆ ಹಾಗೇ ಬಲಗೈಯಲ್ಲಿಟ್ಟುಕೊಂಡು ನೋಡಿದ. ಗೋಸುಂಬೆಯ ಒಂದು ಕಣ್ಣು ಇತ್ತ ತಿರುಗಿತು. ಆಮೇಲೆ ಇನ್ನೊಂದೂ ತಿರುಗಿತು. ಅದು ಕಾಲೆತ್ತಿತು, ತೂಗಿತು, ಇಟ್ಟಿತು. ಮತ್ತೆ ಕಾಲೆತ್ತಿತು, ತೂಗಿತು, ಇಟ್ಟಿತು. ಕೊನೆಗೆ ಕೊಂಬೆಯಿಂದ ಇಳಿದು ಜಡೆಯನ ಬಲಗೈ ಹತ್ತಿ, ಮುದ್ದೆಗೆ ಹೊಟ್ಟೆ ಒತ್ತಿ ಕೂತಿತು.

ಮೊದಲು ಕಂದಾಯಿತು. ಆಮೇಲೆ ಪಾಚಿಯ ಬಣ್ಣಕ್ಕೆ ಬಂತು. ಆಮೇಲೆ ಹಸಿರಾಯಿತು.

"ಹಸಿರು," ಅಂದ ರಾಜ.

"ನಿನ್ನೆ ಅವನು ಹಸಿದಿದ್ದ ಮಹಾಸ್ವಾಮಿ, ಅದಕ್ಕೇ ಸತ್ಯ ಹೊರಗೆ ಬಂದಿರಲಿಲ್ಲ," ಅಂದ ಮಂತ್ರಿ. ಈರಿಗೆ ಕಾರಣ ಬೇಕಿರಲಿಲ್ಲ. ಗಂಡನ ಬಲಗೈ ಹಿಡಿದುಕೊಂಡು ಮನೆಗೆ ನಡೆದಳು.

ಅಂದಿನಿಂದ ಆ ಊರಿನಲ್ಲಿ ಆಪಾದನೆ ಹೊತ್ತವರೆಲ್ಲ ಬಿಸಿ ಮುದ್ದೆ ಹಿಡಿದೇ ವಿಚಾರಣೆಗೆ ಬರಬೇಕೆಂದು ಕಟ್ಟಳೆಯಾಯಿತಂತೆ. ಒಬ್ಬ ಅಪರಾಧಿಯೂ ಸಿಗಲಿಲ್ಲವಂತೆ. ಅವರು ಅಲ್ಲಿ ಬಿಸಿಬಿಸಿ ಉಂಡರು, ನಾವು ಇಲ್ಲಿ ಕತೆ ಕೇಳಿದೆವು. ಕೈ ಕಡಿಯುವವನನ್ನು ಮುದ್ದೆ ತಿರುವುವ ಕೆಲಸಕ್ಕೆ ಹಾಕಿದರಂತೆ.